ಪುರಸಭೆಯ ಮೊದಲ ವಿದ್ಯುತ್ ವಾಹನ: ಸಾಹೇಬರ ಕಾರೋ, ಕಸದ ಗಾಡಿಯೋ?

ಯಾರ್ಡ್ ಉಸ್ತುವಾರಿ

ಎಲ್ಲರಿಗೂ ನಮಸ್ಕಾರ. ನಾನು ಒಂದು ಸ್ಥಳೀಯ ಸಂಸ್ಥೆಯ ವಾಹನ ವಿಭಾಗ ನೋಡಿಕೊಳ್ಳುತ್ತೇನೆ. ವಿದ್ಯುತ್ ವಾಹನ ತರಬೇಕು ಅಂತ ಸಭೆಯಲ್ಲಿ ಒಪ್ಪಿಗೆ ಸಿಕ್ಕಿದೆ. ಸ್ವಲ್ಪ ಹಣವನ್ನೂ ಎತ್ತಿಟ್ಟಿದ್ದಾರೆ. ಆದರೆ ಯಾವ ವಾಹನ ಮೊದಲು ಅನ್ನುವಲ್ಲಿ ಜಗ್ಗಾಟ ಶುರುವಾಗಿದೆ.

ನಮ್ಮಲ್ಲಿರುವುದು ಎಲ್ಲ ಕಡೆ ಇರುವಂಥ ವಾಹನಗಳೇ. ಅಧಿಕಾರಿಗಳ ಕಾರುಗಳು, ಮನೆಮನೆಯ ಕಸ ಎತ್ತುವ ಸಣ್ಣ ಗಾಡಿಗಳು, ಕಸ ಒತ್ತುವ ದೊಡ್ಡ ಲಾರಿ, ನೀರಿನ ಟ್ಯಾಂಕರ್, ಬೀದಿದೀಪ ರಿಪೇರಿಯ ಏಣಿ ವಾಹನ, ತಪಾಸಣೆಗೆ ಹೋಗುವವರ ದ್ವಿಚಕ್ರ ವಾಹನಗಳು. ಸಮಿತಿಯ ಹೆಚ್ಚಿನವರು ಮೊದಲು ಅಧಿಕಾರಿಗಳ ಕಾರು ಬದಲಿಸೋಣ ಅನ್ನುತ್ತಿದ್ದಾರೆ. ಮಾದರಿಗಳು ಸುಲಭವಾಗಿ ಸಿಗುತ್ತವೆ, ಜನರ ಕಣ್ಣಿಗೂ ಬೀಳುತ್ತವೆ, ರಿಸ್ಕ್ ಕಡಿಮೆ ಎನ್ನುವುದು ಅವರ ಮಾತು.

ನನಗೆ ಇದು ಸರಿ ಅನ್ನಿಸುತ್ತಿಲ್ಲ. ಆ ಕಾರುಗಳು ದಿನದ ಹೆಚ್ಚಿನ ಹೊತ್ತು ನೆರಳಲ್ಲಿ ನಿಂತಿರುತ್ತವೆ. ಕಸದ ಗಾಡಿಗಳು ಬೆಳಕು ಹರಿಯುವ ಮೊದಲೇ ಹೊರಟು, ಮಧ್ಯಾಹ್ನದವರೆಗೂ ನಿಂತು ನಿಂತು ಓಡುತ್ತವೆ. ಡೀಸೆಲ್ ಸುರಿಯುತ್ತಿರುವುದು ಅಲ್ಲಿ. ಮೊದಲ ವಿದ್ಯುತ್ ವಾಹನ ಅಲ್ಲಿಗೇ ಹೋಗಬೇಕು ಎನ್ನುವುದು ನನ್ನ ವಾದ. ಆದರೆ ಸುಮ್ನೆ ಅನ್ನಿಸಿಕೆ ಹೇಳಿದರೆ ಸಮಿತಿ ಒಪ್ಪುವುದಿಲ್ಲ. ಲೆಕ್ಕ, ವೈರಿಂಗ್, ರಿಪೇರಿ ಎಲ್ಲದರ ಬಗ್ಗೆಯೂ ಗೊತ್ತಿರುವವರು ದಯವಿಟ್ಟು ಬರೆಯಿರಿ. ನನ್ನ ವಾದ ತಪ್ಪಿದ್ದರೂ ಹೇಳಿ.

ಲೆಕ್ಕದ ಮೇಜು

ನಿಮ್ಮ ವಾದದ ದಿಕ್ಕು ಸರಿ ಇದೆ. ಅದನ್ನು ಹೀಗೆ ಬಿಡಿಸಿ ಹೇಳಿ.

ವಿದ್ಯುತ್ ವಾಹನ ಕೊಳ್ಳುವಾಗ ಜಾಸ್ತಿ ಖರ್ಚು, ಓಡಿಸುವಾಗ ಕಡಿಮೆ. ಕೊಳ್ಳುವಾಗ ಹೆಚ್ಚು ಕೊಟ್ಟದ್ದು ಪ್ರತಿ ಕಿಲೋಮೀಟರಿನಲ್ಲಿ ಸ್ವಲ್ಪ ಸ್ವಲ್ಪವೇ ವಾಪಸ್ ಬರುತ್ತದೆ. ನಿಂತಲ್ಲೇ ನಿಂತ ವಾಹನದಿಂದ ಏನೂ ವಾಪಸ್ ಬರುವುದಿಲ್ಲ. ಅಧಿಕಾರಿಗಳ ಕಾರು ಹಳತಾಗಿ ಹರಾಜಿಗೆ ಹೋಗುವ ಹೊತ್ತಿಗೂ ಹೆಚ್ಚುವರಿ ಹಣ ತೀರಿರುವುದಿಲ್ಲ. ಆಮೇಲೆ ಅದೇ ಕಾರು ತೋರಿಸಿ "ವಿದ್ಯುತ್ ವಾಹನ ನಮಗೆ ಗಿಟ್ಟುವುದಿಲ್ಲ" ಅನ್ನುತ್ತಾರೆ. ಅಲ್ಲಿಗೆ ಯೋಜನೆಯೇ ನಿಂತುಹೋಗುತ್ತದೆ.

ಇನ್ನೊಂದು ಅಂಶ. ಒಂದು ಲೀಟರ್ ಡೀಸೆಲ್‌ನಲ್ಲಿ ಸುಮಾರು 10 ಯೂನಿಟ್ (ಕರೆಂಟ್ ಬಿಲ್ಲಿನ ಯೂನಿಟ್, ಅಂದರೆ ಕಿಲೋವ್ಯಾಟ್-ಅವರ್) ಶಕ್ತಿ ಇರುತ್ತದೆ. ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಓಡುವ ಎಂಜಿನ್ ಅದರಲ್ಲಿ ಒಳ್ಳೆಯ ಪಾಲನ್ನೇ ಚಕ್ರಕ್ಕೆ ಕೊಡುತ್ತದೆ. ಪ್ರತಿ ಮನೆ ಮುಂದೆ ನಿಂತು ಹೊರಡುವ ಗಾಡಿಯಲ್ಲಿ ಆ ಪಾಲು ತೀರಾ ಇಳಿಯುತ್ತದೆ. ನಿಂತಾಗಲೂ ಎಂಜಿನ್ ಉರಿಯುತ್ತಿರುತ್ತದೆ, ಬ್ರೇಕ್ ಹಾಕಿದಾಗೆಲ್ಲ ಕಟ್ಟಿದ ವೇಗ ಬಿಸಿಯಾಗಿ ಹೋಗುತ್ತದೆ. ವಿದ್ಯುತ್ ಮೋಟಾರ್ ನಿಂತಾಗ ಏನೂ ತಿನ್ನುವುದಿಲ್ಲ. ವೇಗ ಇಳಿಸುವಾಗ ಒಂದಿಷ್ಟನ್ನು ಬ್ಯಾಟರಿಗೆ ವಾಪಸ್ ಹಾಕುತ್ತದೆ. ಡೀಸೆಲ್ ಎಲ್ಲಿ ಸೋಲುತ್ತದೋ ವಿದ್ಯುತ್ ಅಲ್ಲೇ ಗೆಲ್ಲುತ್ತದೆ. ಕಸದ ಗಾಡಿಯ ಕೆಲಸ ಅಂಥದ್ದು.

ಈಗ ಮಾಡಬೇಕಾದ ಕೆಲಸ: ಲಾಗ್ ಬುಕ್ ತೆಗೆಯಿರಿ. ಒಂದು ವರ್ಷದ್ದು ಇದ್ದರೆ ಒಳ್ಳೆಯದು. ಸರಾಸರಿ ನೋಡಿ ನಿಲ್ಲಿಸಬೇಡಿ. ಪ್ರತಿ ವಾಹನ ವರ್ಷದಲ್ಲಿ ಅತಿ ಹೆಚ್ಚು ಓಡಿದ ದಿನ ಯಾವುದು, ಅಂದು ಎಷ್ಟು ಓಡಿತು ಅಂತ ಗುರುತಿಸಿ. ಹಬ್ಬದ ಮರುದಿನ ಕಸ ಎರಡು ಸುತ್ತು ಬರುತ್ತದೆ ಅಲ್ವಾ? ಬ್ಯಾಟರಿಯ ಅಳತೆ ಆ ದಿನಕ್ಕೆ ಸಾಲಬೇಕು. ಕಂಪನಿ ಹೇಳುವ ದೂರ ಪ್ರಯೋಗಶಾಲೆಯದ್ದು. ಭಾರ, ಏರು, ಬಿಸಿಲು, ಬ್ಯಾಟರಿ ಹಳೆಯದಾಗುವುದು, ಎಲ್ಲವನ್ನೂ ಕಳೆದು ಉಳಿಯುವುದರ ಮೇಲೆ ಯೋಜನೆ ಹಾಕಿ.

ಸ್ಟೇರಿಂಗ್ ಹಿಡಿದವ

ನಾನು ವಿದ್ಯುತ್ ಗೂಡ್ಸ್ ವಾಹನ ಓಡಿಸುತ್ತೇನೆ, ಸರಕಾರಿ ಕೆಲಸಕ್ಕೇ. ಚಾಲಕರನ್ನು ಯಾರೂ ಕೇಳುವುದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಮೊದಲು ಒಳ್ಳೆಯ ಮಾತು. ಕ್ಲಚ್ ಇಲ್ಲ. ನಿಂತು ಹೊರಡುವ ಕೆಲಸದಲ್ಲಿ ಎಡಗಾಲಿಗೆ ಆಗುವ ನೋವು ಏನು ಅಂತ ಓಡಿಸಿದವರಿಗೇ ಗೊತ್ತು. ಅದು ಹೋಯಿತು. ಸೀಟಿನ ಕೆಳಗಿನ ನಡುಕ, ಬಿಸಿ ಎರಡೂ ಇಲ್ಲ. ಏರಿನಲ್ಲಿ ನಿಲ್ಲಿಸಿ ಹೊರಡುವುದು ಬಹಳ ಸಲೀಸು.

ಇನ್ನು ಕಷ್ಟದ ಮಾತು. ಪೂರ್ತಿ ಚಾರ್ಜ್ ಆಗಿರುವಾಗ ಹಲವು ವಾಹನಗಳಲ್ಲಿ ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಮಾಮೂಲಿನಷ್ಟು ವೇಗ ಇಳಿಯುವುದಿಲ್ಲ. ಬ್ಯಾಟರಿಯಲ್ಲಿ ವಾಪಸ್ ತುಂಬಲು ಜಾಗ ಇರುವುದಿಲ್ಲ. ಡಿಪೋ ಗುಡ್ಡದ ಮೇಲಿದ್ದು, ಬೆಳಿಗ್ಗೆ ಹೊರಟ ಕೂಡಲೇ ಇಳಿಜಾರು ಬಂದರೆ ಹೊಸ ಚಾಲಕ ಗಾಬರಿಯಾಗುತ್ತಾನೆ. ಇದನ್ನು ತರಬೇತಿಯಲ್ಲಿ ಹೇಳಲೇಬೇಕು.

ಮುಖ್ಯವಾದದ್ದು ಇನ್ನೊಂದು. ಚಾರ್ಜ್ ಮುಗಿದು ದಾರಿಯಲ್ಲಿ ನಿಂತರೆ ಯಾರ ತಲೆಗೆ ಬರುತ್ತದೆ? ಚಾಲಕನಿಗೆ ಮೆಮೊ ಕೊಡುತ್ತಾರೆ ಅನ್ನುವ ಭಯ ಇದ್ದರೆ, ಅರ್ಧ ಚಾರ್ಜ್ ಇದ್ದಾಗಲೇ ಎಲ್ಲರೂ ಯಾರ್ಡಿಗೆ ವಾಪಸ್ ಓಡಿಬರುತ್ತಾರೆ. ಆಗ ನಿಮ್ಮ ಲೆಕ್ಕ ಯಾವುದೂ ಉಳಿಯುವುದಿಲ್ಲ. ಶೇಕಡಾ ಇಷ್ಟಕ್ಕೆ ಬಂದರೆ ವಾಪಸ್ ಬನ್ನಿ, ಅಷ್ಟರೊಳಗೆ ನಿಂತರೆ ನಿಮ್ಮ ತಪ್ಪಲ್ಲ ಅಂತ ಬರವಣಿಗೆಯಲ್ಲಿ ಕೊಡಿ.

ಲೋಡ್ ಎಷ್ಟು

ವಿದ್ಯುತ್ ವಿನ್ಯಾಸದ ಕೆಲಸದಲ್ಲಿದ್ದೇನೆ. ವಾಹನದ ಆರ್ಡರ್ ಹಾಕುವ ಮೊದಲು ನಿಮ್ಮ ಯಾರ್ಡಿಗೆ ಮಂಜೂರಾದ ಲೋಡ್ (ಒಮ್ಮೆಗೆ ಎಳೆಯಬಹುದಾದ ಗರಿಷ್ಠ ವಿದ್ಯುತ್) ಎಷ್ಟು, ಟ್ರಾನ್ಸ್‌ಫಾರ್ಮರ್ ಯಾವುದು, ಅದರಲ್ಲಿ ಉಳಿಕೆ ಎಷ್ಟು ಅಂತ ನೋಡಿ. ವಾಹನ ಬಂದು ಚಾರ್ಜರ್ ಬರದೆ ಟಾರ್ಪಾಲಿನ ಕೆಳಗೆ ನಿಂತಿರುವುದು ಎಷ್ಟೋ ಕಡೆ ಆಗಿರುವ ಕಥೆ. ವಾಹನ ತಿಂಗಳುಗಳಲ್ಲಿ ಬಂದುಬಿಡುತ್ತದೆ. ಹೊಸ ವಿದ್ಯುತ್ ಸಂಪರ್ಕಕ್ಕೆ ಅದಕ್ಕಿಂತ ಜಾಸ್ತಿ ಹಿಡಿಯಬಹುದು.

ಆದರೆ ಹೆದರಿಸುವವರ ಮಾತನ್ನೂ ಕೇಳಬೇಡಿ. ಒಂದು ಲೆಕ್ಕ ಮಾಡೋಣ.

10 ಸಣ್ಣ ಕಸದ ಗಾಡಿಗಳು ಅಂದುಕೊಳ್ಳಿ. ಪ್ರತಿಯೊಂದಕ್ಕೂ 7.4 ಕಿಲೋವ್ಯಾಟ್‌ನ ಎಸಿ ಚಾರ್ಜರ್. ಸಿಂಗಲ್ ಫೇಸ್, 32 ಆಂಪಿಯರ್, ಮಾಮೂಲಿಯದು. ಗಾಡಿಗಳೆಲ್ಲ ಒಟ್ಟಿಗೆ ವಾಪಸ್ ಬಂದು, ಎಲ್ಲರೂ ಒಟ್ಟಿಗೆ ಚಾರ್ಜರಿನ ಗನ್ ಚುಚ್ಚಿದರೆ 74 ಕಿಲೋವ್ಯಾಟ್ ಎಳೆಯುತ್ತದೆ. ಬೇಸಿಗೆಯಲ್ಲಿ ಇಡೀ ಬೀದಿ ಒಂದೇ ನಲ್ಲಿಗೆ ಮುಗಿಬಿದ್ದ ಹಾಗೆ. ಸಲಹೆಗಾರರು ಈ ಅಂಕಿ ನೋಡಿ ಹೊಸ ಟ್ರಾನ್ಸ್‌ಫಾರ್ಮರ್ ಬೇಕು ಅಂತ ಬರೆದುಬಿಡುತ್ತಾರೆ.

ಈಗ ಬೇರೆ ರೀತಿ ನೋಡಿ. ಪ್ರತಿ ಗಾಡಿ ದಿನಕ್ಕೆ 20 ಯೂನಿಟ್ ಬಳಸಿದರೆ ಹತ್ತಕ್ಕೂ ಸೇರಿ 200 ಯೂನಿಟ್. ರಾತ್ರಿ ಯಾರ್ಡಿನಲ್ಲಿ 10 ಗಂಟೆ ನಿಂತಿರುತ್ತವೆ. 200ನ್ನು 10 ಗಂಟೆಗೆ ಹಂಚಿದರೆ 20 ಕಿಲೋವ್ಯಾಟ್ ಸಾಕು. ಚಾರ್ಜ್ ಆಗುವಾಗ ಶೇಕಡಾ 10ರಿಂದ 15ರಷ್ಟು ಸೋರುತ್ತದೆ, ಅದನ್ನೂ ಸೇರಿಸಿ 23 ಅಂತಿಟ್ಟುಕೊಳ್ಳಿ. 74 ಎಲ್ಲಿ, 23 ಎಲ್ಲಿ! ನಡುವಿನ ವ್ಯತ್ಯಾಸಕ್ಕೆ ಬೇಕಾಗಿರುವುದು ಲೋಡ್ ಹಂಚುವ ನಿಯಂತ್ರಣ ಮಾತ್ರ. ಎಷ್ಟು ಗಾಡಿ ಚುಚ್ಚಿದರೂ ಒಟ್ಟು ಎಳೆತ ಒಂದು ಮಿತಿ ದಾಟದಂತೆ ಅದು ನೋಡಿಕೊಳ್ಳುತ್ತದೆ.

ಬಿಲ್ಲಿಗೂ ಇದೇ ಮುಖ್ಯ. ಯೂನಿಟ್ ಲೆಕ್ಕದ ಜೊತೆಗೆ, ತಿಂಗಳಲ್ಲಿ ಯಾವ 15 ಅಥವಾ 30 ನಿಮಿಷದಲ್ಲಿ ಅತಿ ಹೆಚ್ಚು ಎಳೆದಿರಿ ಅನ್ನುವುದಕ್ಕೂ ಹಲವು ಕಡೆ ಬೇರೆ ಶುಲ್ಕ ಹಾಕುತ್ತಾರೆ. ಒಂದೇ ಒಂದು ಸಂಜೆ ಎಲ್ಲವೂ ಒಟ್ಟಿಗೆ ಚಾರ್ಜ್ ಆದರೆ ಇಡೀ ತಿಂಗಳ ಬಿಲ್ ಏರುತ್ತದೆ.

ಫಾಸ್ಟ್ ಚಾರ್ಜರ್ ಬಗ್ಗೆ: ಯಾರ್ಡಿಗೆ ಒಂದು ಇರಲಿ, ತುರ್ತಿಗೆ. ಎಲ್ಲದಕ್ಕೂ ಬೇಡ. ಇಡೀ ರಾತ್ರಿ ನಿಲ್ಲುವ ಗಾಡಿಗೆ ಅವಸರ ಏನಿದೆ? ನೆಲ ಅಗೆಯುವಾಗ ಮಾತ್ರ ಕಂಜೂಸಿ ಮಾಡಬೇಡಿ. ಇವತ್ತು 10 ಗಾಡಿ ಇದ್ದರೂ 30ಕ್ಕೆ ಸಾಲುವಷ್ಟು ಖಾಲಿ ಪೈಪ್ ಹೂತುಬಿಡಿ. ಕೇಬಲ್ ಆಮೇಲೆ ಎಳೆಯಬಹುದು. ಕಾಂಕ್ರೀಟ್ ಎರಡನೇ ಸಲ ಒಡೆಯುವುದೇ ದೊಡ್ಡ ಖರ್ಚು.

ಚಾರ್ಜರ್ ಕೊಳ್ಳುವಾಗ ಒಸಿಪಿಪಿ ಇರಲೇಬೇಕು ಅಂತ ಹಾಕಿ. ಅದು ಚಾರ್ಜರ್ ಮತ್ತು ಅದನ್ನು ನಿಯಂತ್ರಿಸುವ ತಂತ್ರಾಂಶ ಮಾತಾಡಿಕೊಳ್ಳುವ, ಯಾವ ಕಂಪನಿಯಾದರೂ ಬಳಸಬಹುದಾದ ವಿಧಾನ. ಹಾಗಿದ್ದರೆ ನಾಳೆ ಬೇರೆ ಕಂಪನಿಯ ನಿಯಂತ್ರಣ ತಂತ್ರಾಂಶಕ್ಕೂ ಅದು ಜೋಡಿಯಾಗುತ್ತದೆ. ಇಲ್ಲದಿದ್ದರೆ ಒಬ್ಬರಿಗೇ ಕಟ್ಟುಬೀಳುತ್ತೀರಿ.

ಸ್ಪ್ಯಾನರ್

ವರ್ಕ್‌ಶಾಪ್ ಕಡೆಯಿಂದ.

ರಿಪೇರಿ ಕಡಿಮೆ ಅನ್ನುವುದು ನಿಜ. ಎಂಜಿನ್ ಆಯಿಲ್ ಇಲ್ಲ, ಫಿಲ್ಟರ್ ಇಲ್ಲ, ಇಂಜೆಕ್ಟರ್, ಕ್ಲಚ್ ಪ್ಲೇಟ್, ಸೈಲೆನ್ಸರ್ ಯಾವುದೂ ಇಲ್ಲ. ಆದರೆ ರಿಪೇರಿಯೇ ಇಲ್ಲ ಅಂತ ಮಾರುವವರು ಹೇಳಿದರೆ ನಂಬಬೇಡಿ.

ಬ್ರೇಕ್ ತೆಗೆದುಕೊಳ್ಳಿ. ಮೋಟಾರೇ ವೇಗ ಇಳಿಸುವುದರಿಂದ ಪ್ಯಾಡ್ ಸವೆಯುವುದು ಕಡಿಮೆ. ಆದರೆ ಕಡಿಮೆ ಬಳಸಿದ್ದಕ್ಕೇ ಡಿಸ್ಕ್ ತುಕ್ಕು ಹಿಡಿಯುತ್ತದೆ, ಕ್ಯಾಲಿಪರ್ ಪಿನ್ ಅಂಟಿಕೊಳ್ಳುತ್ತದೆ. ಕಸದ ಗಾಡಿಯನ್ನು ದಿನಾ ನೀರು ಹೊಡೆದು ತೊಳೆಯುತ್ತಾರೆ, ಅಲ್ಲಿ ಇದು ಇನ್ನೂ ಬೇಗ. ಪ್ಯಾಡ್ ದಪ್ಪ ಚೆನ್ನಾಗಿದೆ ಅಂತ ಚಕ್ರ ಬಿಚ್ಚದೆ ಬಿಟ್ಟರೆ, ಬೇಕಾದ ದಿನ ಬ್ರೇಕ್ ಹಿಡಿಯುವುದಿಲ್ಲ. ಬಿಚ್ಚಿ, ಸ್ವಚ್ಛ ಮಾಡಿ, ಗ್ರೀಸ್ ಹಾಕಬೇಕು. ಟೈರ್ ಕೂಡ ನೋಡಿ. ವಾಹನ ಭಾರ, ಎಳೆತ ಮೊದಲ ಕ್ಷಣದಿಂದಲೇ ಪೂರ್ತಿ. ಡೀಸೆಲ್ ಗಾಡಿಗಿಂತ ಬೇಗ ಸವೆಯಬಹುದು.

ಆಮೇಲೆ ಸಣ್ಣ 12 ವೋಲ್ಟ್ ಬ್ಯಾಟರಿ. ದೊಡ್ಡ ಬ್ಯಾಟರಿ ತುಂಬಿದ್ದರೂ, ಅದನ್ನು ಜೋಡಿಸುವ ಸ್ವಿಚ್ ಎಳೆಯಲು ಈ ಸಣ್ಣದು ಬೇಕು. ಇದು ಸತ್ತರೆ ಗಾಡಿ ಜಪ್ಪಯ್ಯ ಅಂದರೂ ಎದ್ದೇಳುವುದಿಲ್ಲ. ವಾರಗಟ್ಟಲೆ ಓಡಿಸದೆ ನಿಲ್ಲಿಸಿದ ವಾಹನಗಳಲ್ಲಿ ಈ ತೊಂದರೆ ಜಾಸ್ತಿ. ಇದೂ ನಿಂತೇ ಇರುವ ಸಾಹೇಬರ ಕಾರಿನ ವಿರುದ್ಧ ಒಂದು ಪಾಯಿಂಟ್, ಬರೆದುಕೊಳ್ಳಿ.

ಸುರಕ್ಷತೆ ವಿಷಯದಲ್ಲಿ ಮಾತ್ರ ರಾಜಿ ಬೇಡ. ಕಿತ್ತಳೆ ಬಣ್ಣದ ಕೇಬಲ್ ಅಂದರೆ ಹೈ ವೋಲ್ಟೇಜ್. ನೂರಾರು ವೋಲ್ಟ್ ಡಿಸಿ. ತರಬೇತಿ ಆಗದವರು ಅದನ್ನು ಮುಟ್ಟಲೇಬಾರದು. 1000 ವೋಲ್ಟ್ ತಡೆಯುವ ರಬ್ಬರ್ ಕೈಗವಸು ಬೇಕು. ಪ್ರತಿ ಸಲ ಹಾಕಿಕೊಳ್ಳುವ ಮೊದಲು ಗಾಳಿ ತುಂಬಿ, ಹಿಂಡಿ, ತೂತು ಇದೆಯಾ ಅಂತ ನೋಡಬೇಕು. ದೊಡ್ಡ ಬ್ಯಾಟರಿಯ ಸಂಪರ್ಕ ಕತ್ತರಿಸುವ ಸರ್ವಿಸ್ ಪ್ಲಗ್ ಕಿತ್ತ ಮೇಲೂ, ವಿದ್ಯುತ್ ಹಿಡಿದಿಟ್ಟುಕೊಳ್ಳುವ ಕೆಪ್ಯಾಸಿಟರ್ ಖಾಲಿಯಾಗಲು ಕಂಪನಿ ಹೇಳಿದಷ್ಟು ನಿಮಿಷ ಕಾಯಬೇಕು. ಆಮೇಲೂ ಮೀಟರ್ ಇಟ್ಟು ಸೊನ್ನೆ ಇದೆ ಅಂತ ಖಾತ್ರಿ ಮಾಡಿಕೊಂಡೇ ಕೈ ಹಾಕಬೇಕು. ಹಳೆಯ ಮೆಕ್ಯಾನಿಕ್‌ಗಳನ್ನು ಹೊರಗಿಡಬೇಡಿ. ಅವರಿಗೇ ಈ ತರಬೇತಿ ಕೊಡಿಸಿ. ಸಸ್ಪೆನ್ಷನ್, ಸ್ಟೇರಿಂಗ್, ಹೈಡ್ರಾಲಿಕ್ ಎಲ್ಲ ಅವರಿಗೆ ಗೊತ್ತು, ಗಾಡಿಯ ಮುಕ್ಕಾಲು ಪಾಲು ಅದೇ.

ಪಕ್ಕದ ಸಾಲು

ನನ್ನ ಅನುಮಾನಗಳನ್ನು ನೇರವಾಗಿ ಕೇಳುತ್ತೇನೆ.

ಒಂದು, ಕರೆಂಟು ಕಲ್ಲಿದ್ದಲಿನಿಂದ ಬರುತ್ತಿದ್ದರೆ ಹೊಗೆ ಇಲ್ಲಿಂದ ಅಲ್ಲಿಗೆ ಹೋಯಿತು, ಅಷ್ಟೇ ಅಲ್ವಾ? ಎರಡು, ಬೆಂಕಿ. 2022ರ ಏಪ್ರಿಲ್‌ನಲ್ಲಿ ಪ್ಯಾರಿಸ್‌ನಲ್ಲಿ ಒಂದೇ ತಿಂಗಳು ಎರಡು ವಿದ್ಯುತ್ ಬಸ್ ಸುಟ್ಟುಹೋಗಿ, ಅದೇ ಮಾದರಿಯ 149 ಬಸ್ಸುಗಳನ್ನು ರಸ್ತೆಯಿಂದ ವಾಪಸ್ ಕರೆಸಿದರು. ಮೂರು, ಕಂಪನಿಯೇ ಮುಳುಗಿದರೆ? ಅಮೆರಿಕದ ಎಷ್ಟೋ ಊರುಗಳಿಗೆ ಬಸ್ ಕೊಟ್ಟ ಪ್ರೊಟೆರಾ 2023ರ ಆಗಸ್ಟ್‌ನಲ್ಲಿ ದಿವಾಳಿ ಅರ್ಜಿ ಹಾಕಿತು. ಬಿಡಿಭಾಗಕ್ಕೆ ಆ ಊರುಗಳು ಎಲ್ಲಿಗೆ ಹೋಗಬೇಕು? ಜನರ ತೆರಿಗೆ ಹಣ ಇದು. ಯಾರೋ ಮೊದಲು ಮಾಡಿ ನೋಡಲಿ, ನಾವು ಆಮೇಲೆ ಮಾಡೋಣ ಅನ್ನುವುದರಲ್ಲಿ ತಪ್ಪೇನಿದೆ?

ಲೆಕ್ಕದ ಮೇಜು

ಒಳ್ಳೆಯ ಪ್ರಶ್ನೆಗಳು. ಮೊದಲನೆಯದಕ್ಕೆ ನಾನು ಉತ್ತರಿಸುತ್ತೇನೆ.

2021ರಲ್ಲಿ ಐಸಿಸಿಟಿ ಎನ್ನುವ ಸಂಶೋಧನಾ ಸಂಸ್ಥೆ ಬ್ಯಾಟರಿ ತಯಾರಿಕೆ, ವಿದ್ಯುತ್ ಉತ್ಪಾದನೆ ಎಲ್ಲ ಸೇರಿಸಿ ಮಧ್ಯಮ ಗಾತ್ರದ ಕಾರುಗಳ ಪೂರ್ತಿ ಜೀವಿತಾವಧಿಯ ಲೆಕ್ಕ ಹಾಕಿತ್ತು. ಪೆಟ್ರೋಲ್ ಕಾರಿಗಿಂತ ವಿದ್ಯುತ್ ಕಾರಿನ ಹಸಿರುಮನೆ ಅನಿಲ ಯುರೋಪಿನಲ್ಲಿ ಶೇಕಡಾ 66ರಿಂದ 69 ಕಡಿಮೆ. ಚೀನಾದಲ್ಲಿ 37ರಿಂದ 45. ಕಲ್ಲಿದ್ದಲು ಹೆಚ್ಚಿರುವ ಭಾರತದಲ್ಲಿ 19ರಿಂದ 34. ಅಂದರೆ ನಿಮ್ಮ ಮಾತಿನಲ್ಲಿ ಹುರುಳಿದೆ, ಕಲ್ಲಿದ್ದಲು ಲಾಭವನ್ನು ಕಡಿಮೆ ಮಾಡುತ್ತದೆ. ಆದರೆ ಪೂರ್ತಿ ತಿಂದುಹಾಕುವುದಿಲ್ಲ. ವಿದ್ಯುತ್ ಜಾಲಕ್ಕೆ ಸೌರ, ಗಾಳಿ ಸೇರಿದ ಹಾಗೆ ಈಗಾಗಲೇ ಕೊಂಡ ವಾಹನವೂ ಸ್ವಚ್ಛವಾಗುತ್ತಾ ಹೋಗುತ್ತದೆ. ಡೀಸೆಲ್ ಗಾಡಿ ಹಳೆಯದಾದಷ್ಟೂ ಹೊಗೆ ಜಾಸ್ತಿ.

ಗಮನಿಸಿ, ಬ್ಯಾಟರಿ ತಯಾರಿಸುವಾಗ ಆದ ಮಾಲಿನ್ಯವೂ ಓಡಿದ ಮೇಲೆ ತೀರುವ ಸಾಲವೇ. ಕಡಿಮೆ ಓಡುವ ವಾಹನ ಅದನ್ನೂ ನಿಧಾನವಾಗಿ ತೀರಿಸುತ್ತದೆ. ಹಣದ ಲೆಕ್ಕ, ಹೊಗೆಯ ಲೆಕ್ಕ ಎರಡೂ ಒಂದೇ ಕಡೆಗೆ ಬೆರಳು ತೋರಿಸುತ್ತಿವೆ.

ಸ್ಪ್ಯಾನರ್

ಬೆಂಕಿಯ ಬಗ್ಗೆ. ಅದು ಸುಳ್ಳು ಭಯ ಅಂತ ನಾನು ಹೇಳುವುದಿಲ್ಲ. ಲಿಥಿಯಂ ಬ್ಯಾಟರಿಗೆ ಬೆಂಕಿ ಹತ್ತಿದರೆ ಆರಿಸುವುದು ಕಷ್ಟ. ಆರಿದಂತೆ ಕಂಡು ಗಂಟೆಗಳ ನಂತರ ಮತ್ತೆ ಹತ್ತಬಹುದು. ಅದಕ್ಕೆ ಬೇಕಾದ ತಯಾರಿ ಮಾಡಬೇಕು.

ಎಲ್‌ಎಫ್‌ಪಿ ಬ್ಯಾಟರಿ ಕೇಳಿ, ಕಬ್ಬಿಣ ಮತ್ತು ಫಾಸ್ಫೇಟ್ ಇರುವಂಥದ್ದು. ನಿಕ್ಕಲ್, ಕೋಬಾಲ್ಟ್ ಇರುವ ಎನ್‌ಎಂಸಿಗಿಂತ ಹೆಚ್ಚು ಬಿಸಿ ತಡೆಯುತ್ತದೆ. ಹೆಚ್ಚು ಸಲ ಚಾರ್ಜ್ ಮಾಡಬಹುದು. ಅಷ್ಟೇ ಶಕ್ತಿಗೆ ತೂಕ ಸ್ವಲ್ಪ ಜಾಸ್ತಿ, ಆದರೆ ಪುರಸಭೆ ಗಾಡಿಗೆ ಅದು ದೊಡ್ಡ ತೊಂದರೆಯಲ್ಲ. ಹಿಮ ಬೀಳುವ ಊರಾದರೆ ಮಾತ್ರ ಎಚ್ಚರ. ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಸೆಲ್ ಹಾಳಾಗುತ್ತದೆ, ಬ್ಯಾಟರಿ ಬೆಚ್ಚಗೆ ಮಾಡುವ ವ್ಯವಸ್ಥೆ ಇರಬೇಕು.

ತಳಕ್ಕೆ ಪೆಟ್ಟು ಬಿದ್ದ ಗಾಡಿಯನ್ನು, ನೆರೆ ನೀರಲ್ಲಿ ಮುಳುಗಿದ ಗಾಡಿಯನ್ನು ಬೇರೆ ಗಾಡಿಗಳ ಜೊತೆ ನಿಲ್ಲಿಸಬೇಡಿ. ಬಯಲಲ್ಲಿ, ದೂರದಲ್ಲಿ ನಿಲ್ಲಿಸಲು ಒಂದು ಜಾಗ ಈಗಲೇ ಗುರುತು ಮಾಡಿ. ಅಗ್ನಿಶಾಮಕದವರನ್ನು ಯಾರ್ಡಿಗೆ ಕರೆದು, ಎಲ್ಲಿ ಚಾರ್ಜರ್ ಇದೆ, ಮೇನ್ ಸ್ವಿಚ್ ಎಲ್ಲಿ, ಪ್ರತಿ ಮಾದರಿಯಲ್ಲಿ ಹೈ ವೋಲ್ಟೇಜ್ ಕತ್ತರಿಸುವುದು ಎಲ್ಲಿ ಅಂತ ತೋರಿಸಿ. ಇದಕ್ಕೆ ಹಣವೇ ಬೇಕಿಲ್ಲ.

ಯಾರ್ಡ್ ಉಸ್ತುವಾರಿ

ಮೊದಲು ಬೇರೆಯವರು ಮಾಡಲಿ ಎನ್ನುವ ಮಾತಿಗೆ: ಮಾಡಿ ಆಗಿದೆ. ಚೀನಾದ ಷೆಂಝೆನ್ ನಗರ 2017ರ ಕೊನೆಗೇ ತನ್ನ 16,359 ಸಿಟಿ ಬಸ್ಸುಗಳನ್ನೂ ವಿದ್ಯುತ್‌ಗೆ ಬದಲಿಸಿತು. ಕ್ಯಾಲಿಫೋರ್ನಿಯಾ 2023ರಲ್ಲಿ ಒಪ್ಪಿದ ನಿಯಮದ ಪ್ರಕಾರ, ಅಲ್ಲಿನ ಸ್ಥಳೀಯ ಸಂಸ್ಥೆಗಳು ಕೊಳ್ಳುವ ಮಧ್ಯಮ ಮತ್ತು ಭಾರಿ ವಾಹನಗಳಲ್ಲಿ 2024ರಿಂದ ಅರ್ಧದಷ್ಟು ಹೊಗೆ ಇಲ್ಲದವು ಆಗಿರಬೇಕು. ನಾವು ಕಾಯುತ್ತಾ ಕೂತರೆ, ಇವತ್ತು ಕೊಂಡ ಡೀಸೆಲ್ ಗಾಡಿಯನ್ನು ಇನ್ನೂ ಹತ್ತು ಹನ್ನೆರಡು ವರ್ಷ ಓಡಿಸಬೇಕಾಗುತ್ತದೆ. ಅದೂ ಒಂದು ತೀರ್ಮಾನವೇ.

ಕಂಪನಿ ಮುಳುಗುವ ಪ್ರಶ್ನೆ ಮಾತ್ರ ನನ್ನನ್ನೂ ಕಾಡುತ್ತಿದೆ.

ಬೆಳಗಿನ ಪಾಳಿ

ನಾನು ಕಸದ ಗಾಡಿಯ ಹಿಂದೆ ನಡೆಯುವ ಕೆಲಸದವಳು. ಮೊಬೈಲಲ್ಲಿ ಓದುತ್ತಿದ್ದೆ. ಇಷ್ಟು ಜನ ಲೆಕ್ಕ ಹಾಕಿದ್ದೀರಿ, ಹಿಂದೆ ನಡೆಯುವವರ ಬಗ್ಗೆ ಒಬ್ಬರೂ ಬರೆದಿಲ್ಲ.

ಗಾಡಿಯ ಸೈಲೆನ್ಸರ್ ನಮ್ಮ ಮೊಣಕಾಲಿನ ಎತ್ತರದಲ್ಲಿದೆ. ಬಕೆಟ್ ಎತ್ತಲು ಬಗ್ಗಿದಾಗ ಮುಖಕ್ಕೇ ಹೊಡೆಯುತ್ತದೆ. ಚಾಲಕ ಮುಂದೆ ಹೋಗಲು ಆಕ್ಸಿಲರೇಟರ್ ಒತ್ತಿದಾಗ ಕಪ್ಪು ಹೊಗೆ ಒಂದು ಸಲ ಬುಸ್ ಅನ್ನುತ್ತದಲ್ಲ, ಅದು ನಮ್ಮ ಪಾಲು. ಸೀರೆ ಸೆರಗು ಮೂಗಿಗೆ ಕಟ್ಟಿಕೊಂಡರೆ ಸಂಜೆಗೆ ಅದರ ಮೇಲೆ ಕಪ್ಪು ಕೂತಿರುತ್ತದೆ. ಬೆಳಗಿನಿಂದ ಮಧ್ಯಾಹ್ನದವರೆಗೆ, ವರ್ಷವಿಡೀ.

ಡೀಸೆಲ್ ಹೊಗೆಯಿಂದ ಕ್ಯಾನ್ಸರ್ ಬರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯವರೇ 2012ರಲ್ಲಿ ಹೇಳಿದ್ದಾರೆ ಅಂತ ನಮ್ಮ ಸಂಘದ ಸಭೆಯಲ್ಲಿ ಹೇಳಿದರು. ಅದಾಗಿ ಎಷ್ಟು ವರ್ಷ ಆಯಿತು? ಸಾಹೇಬರು ಕಾರಿನಲ್ಲಿ ಕಿಟಕಿ ಮುಚ್ಚಿ ಕೂರುತ್ತಾರೆ. ಹೊಗೆ ಬಿಡದ ಗಾಡಿ ಯಾರಿಗೆ ಮೊದಲು ಬೇಕು ಅಂತ ಇನ್ನೂ ಚರ್ಚೆ ಮಾಡಬೇಕಾ?

ಲೋಡ್ ಎಷ್ಟು

ನಿಮ್ಮ ಸಂಘದವರು ಹೇಳಿದ್ದು ಸರಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರ ಜೂನ್‌ನಲ್ಲಿ ಡೀಸೆಲ್ ಹೊಗೆಯನ್ನು ಮೊದಲ ಗುಂಪಿಗೆ ಸೇರಿಸಿತು. ಮನುಷ್ಯರಿಗೆ ಕ್ಯಾನ್ಸರ್ ತರುತ್ತದೆ ಎಂದು ಖಚಿತವಾದವು ಆ ಗುಂಪಿನಲ್ಲಿವೆ, ತಂಬಾಕಿನ ಹೊಗೆಯೂ ಅದರಲ್ಲೇ ಇದೆ.

ಯಾರ್ಡ್ ಉಸ್ತುವಾರಿಯವರೇ, ಸಮಿತಿಗೆ ನೀವು ಕೊಡುವ ಟಿಪ್ಪಣಿಯ ಮೊದಲ ಪುಟದಲ್ಲಿ ಇದನ್ನು ಹಾಕಿ. ನನ್ನ ಕಿಲೋವ್ಯಾಟ್ ಲೆಕ್ಕ ಎರಡನೇ ಪುಟಕ್ಕೆ ಹೋಗಲಿ.

ಸ್ಟೇರಿಂಗ್ ಹಿಡಿದವ

ಅಕ್ಕ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ವಿದ್ಯುತ್ ಗಾಡಿ ನಿಧಾನಕ್ಕೆ ಹೋಗುವಾಗ ಸದ್ದೇ ಬರುವುದಿಲ್ಲ. ಹಿಂದೆ, ಪಕ್ಕದಲ್ಲಿ ಕೆಲಸ ಮಾಡುವವರಿಗೆ ಗಾಡಿ ಹೊರಟದ್ದೇ ಗೊತ್ತಾಗುವುದಿಲ್ಲ. ರಿವರ್ಸ್ ತೆಗೆಯುವಾಗ ಇನ್ನೂ ಅಪಾಯ. ಕೃತಕ ಸದ್ದು ಮಾಡುವ ಸಾಧನ ಇರಲೇಬೇಕು. ಯುರೋಪಿನಲ್ಲಿ 2021ರ ಜುಲೈಯಿಂದ ಹೊಸ ವಿದ್ಯುತ್ ಕಾರುಗಳೆಲ್ಲ ಗಂಟೆಗೆ 20 ಕಿಲೋಮೀಟರ್ ವೇಗದವರೆಗೆ, ಹಿಂದೆ ಹೋಗುವಾಗಲೂ, ಸದ್ದು ಮಾಡಲೇಬೇಕು. ಕಸದ ಗಾಡಿಗೆ ಅದು ಕಾರಿಗಿಂತ ಹೆಚ್ಚು ಬೇಕು.

ಹಳೆ ಸದಸ್ಯ

ನಾನು ಹಿಂದೆ ಇಂಥ ಸಮಿತಿಯಲ್ಲಿ ಇದ್ದವನು. ಒಂದು ವಿರುದ್ಧದ ಮಾತು ಹೇಳುತ್ತೇನೆ, ಕೋಪ ಬೇಡ.

ತೀರ್ಮಾನ ಮಾಡುವವರು ತಾವು ಬಳಸದ ವಸ್ತುವಿನ ತೊಂದರೆಯನ್ನು ಬೇಗ ಸರಿಮಾಡುವುದಿಲ್ಲ. ಅಧಿಕಾರಿಯ ಕಾರೂ ಅದೇ ಯಾರ್ಡಿನಲ್ಲಿ ಅದೇ ಚಾರ್ಜರಿಗೆ ಕಾಯಬೇಕಾದರೆ, ಚಾರ್ಜರ್ ಕೆಟ್ಟ ದಿನವೇ ಫೋನ್ ಹೋಗುತ್ತದೆ. ಕಸದ ಗಾಡಿಯದ್ದು ಮಾತ್ರ ಆದರೆ ವಾರಗಟ್ಟಲೆ ಕೆಟ್ಟೇ ಇರುತ್ತದೆ. ಆದ್ದರಿಂದ ಕಸದ ಗಾಡಿಗಳ ಜೊತೆಗೆ ಒಂದು ಕಾರನ್ನೂ ಸೇರಿಸಿ. ಒಬ್ಬರ ಹೆಸರಿಗೆ ಬೇಡ. ಯಾವ ವಿಭಾಗಕ್ಕೆ ಬೇಕಾದರೂ ಬುಕ್ ಮಾಡಿ ಒಯ್ಯುವ ಹಾಗೆ ಹಂಚಿಕೆಯ ಕಾರಾಗಲಿ. ಆಗ ಅದೂ ದಿನಾ ಓಡುತ್ತದೆ. ಎರಡು ಮೂರು ಡೀಸೆಲ್ ಕಾರುಗಳ ಕೆಲಸ ಅದೊಂದೇ ಮಾಡಬಹುದು. ಇರುವ ವಾಹನಗಳ ಸಂಖ್ಯೆಯನ್ನೇ ಕಡಿಮೆ ಮಾಡುವುದಕ್ಕಿಂತ ದೊಡ್ಡ ಉಳಿತಾಯ ಬೇರೆ ಯಾವುದೂ ಇಲ್ಲ. ಆದರೆ ಅದನ್ನು ಸಭೆಯಲ್ಲಿ ಯಾರೂ ಎತ್ತುವುದಿಲ್ಲ.

ತುರ್ತು ವಾಹನಗಳನ್ನು ಈಗ ಮುಟ್ಟಬೇಡಿ. ಲಾಸ್ ಏಂಜಲೀಸ್‌ನಲ್ಲಿ 2022ರಿಂದ ವಿದ್ಯುತ್ ಅಗ್ನಿಶಾಮಕ ವಾಹನ ಇದೆ, ಬರ್ಲಿನ್‌ನಲ್ಲೂ ಇದೆ. ಆದರೆ ಅವುಗಳಲ್ಲೂ ಬ್ಯಾಟರಿ ಸಾಲದಾಗ ಕೈಹಿಡಿಯಲು ಒಂದು ಡೀಸೆಲ್ ಎಂಜಿನ್ ಇಟ್ಟಿದ್ದಾರೆ. ಕ್ಯಾಲಿಫೋರ್ನಿಯಾದ ನಿಯಮವೂ ತುರ್ತು ವಾಹನಗಳನ್ನು ಹೊರಗಿಟ್ಟಿದೆ. ಎಷ್ಟು ದೂರ, ಎಷ್ಟು ಹೊತ್ತು ಅಂತ ಮೊದಲೇ ಹೇಳಲಾಗದ ಕೆಲಸ ಅದು. ನೆರೆ ಬಂದು ಕರೆಂಟೇ ಇಲ್ಲದ ದಿನಕ್ಕೂ ಕೆಲವು ಡೀಸೆಲ್ ವಾಹನ ಉಳಿದಿರಲಿ.

ಲೆಕ್ಕದ ಮೇಜು

ಹಂಚಿಕೆಯ ಕಾರಿಗೆ ನನ್ನದೂ ಒಪ್ಪಿಗೆ ಇದೆ.

ದೊಡ್ಡ ಕಸದ ಲಾರಿ ಬಗ್ಗೆ ಒಂದು ಎಚ್ಚರಿಕೆ. ಅದರಲ್ಲಿ ಓಡುವುದಕ್ಕೆ ಮಾತ್ರ ಅಲ್ಲ, ಕಸ ಒತ್ತುವ ಹೈಡ್ರಾಲಿಕ್‌ಗೂ ಅದೇ ಬ್ಯಾಟರಿಯಿಂದ ಶಕ್ತಿ ಹೋಗುತ್ತದೆ. ಕಿಲೋಮೀಟರ್ ಲೆಕ್ಕ ಅಲ್ಲಿ ದಾರಿ ತಪ್ಪಿಸುತ್ತದೆ. ದಿನಕ್ಕೆ ಎಷ್ಟು ಸಲ ಒತ್ತುತ್ತದೆ ಅಂತ ಎಣಿಸಬೇಕು. ಮೊದಲ ಸುತ್ತಿನಲ್ಲಿ ಸಣ್ಣ ಗಾಡಿಗಳೇ ಸಾಕು. ದೊಡ್ಡದನ್ನು ಮೊದಲು ಬಾಡಿಗೆಗೆ ಅಥವಾ ಪರೀಕ್ಷೆಗೆ ತಂದು, ನಿಮ್ಮದೇ ದಾರಿಯಲ್ಲಿ, ನಿಮ್ಮದೇ ಕಸ ತುಂಬಿ ಓಡಿಸಿ ನೋಡಿ.

ಟೆಂಡರ್‌ನಲ್ಲಿ ಬಿಡಬಾರದ ಮಾತುಗಳು ಇವು. ಬ್ಯಾಟರಿ ವಾರಂಟಿ ಕಾರುಗಳಿಗೆ ಸಾಮಾನ್ಯವಾಗಿ 8 ವರ್ಷ ಅಥವಾ 1,60,000 ಕಿಲೋಮೀಟರ್ ಇರುತ್ತದೆ. ಸರಕು ವಾಹನಕ್ಕೆ ಅದೇ ಇದೆಯಾ ಅಂತ ಓದಿ ನೋಡಿ. ಶೇಕಡಾ ಎಷ್ಟಕ್ಕೆ ಇಳಿದರೆ ಬದಲಿಸಿಕೊಡುತ್ತಾರೆ, ಅದನ್ನು ಯಾರು ಅಳೆಯುತ್ತಾರೆ ಅಂತ ಬರೆಸಿ. ಪುರಸಭೆಯೇ ಅಳೆಯುವಂತಿರಬೇಕು. ದೋಷ ಓದುವ ಉಪಕರಣ, ತಂತ್ರಾಂಶ, ತಯಾರಕರ ಕೈಪಿಡಿ ವಾಹನದ ಜೊತೆಯಲ್ಲೇ ಬರಬೇಕು. ವಾಹನದಿಂದ ಬರುವ ಮಾಹಿತಿ ಪುರಸಭೆಯ ಸ್ವತ್ತು ಅಂತ ಹಾಕಿ. ಬಿಡಿಭಾಗದ ಒಂದು ದಾಸ್ತಾನು ಮೊದಲ ದಿನವೇ ಬರಲಿ. ಕಂಪನಿ ಮುಳುಗಿದರೂ ಇಷ್ಟು ಕೈಯಲ್ಲಿದ್ದರೆ ಗಾಡಿ ಓಡಿಸಿಕೊಂಡು ಹೋಗಬಹುದು. ಬಾಡಿಗೆ ಕರಾರು ಮಾಡಿದರೆ ಆ ಅಪಾಯದ ಒಂದು ಪಾಲು ಬಾಡಿಗೆ ಕೊಟ್ಟವರ ಮೇಲೆ ಹೋಗುತ್ತದೆ, ಆದರೆ ಚಾರ್ಜರ್ ಮತ್ತು ನೆಲದಡಿಯ ಕೆಲಸ ನಿಮ್ಮದೇ ಆಗಿರಲಿ.

ಪಕ್ಕದ ಸಾಲು

ನನ್ನ ಮೂರು ಪ್ರಶ್ನೆಗಳಲ್ಲಿ ಎರಡಕ್ಕೆ ಉತ್ತರ ಸಿಕ್ಕಿತು. ಕಂಪನಿಯ ವಿಷಯದಲ್ಲಿ ಇನ್ನೂ ಅಳುಕಿದೆ. ಹೊಸದಾಗಿ ಹುಟ್ಟಿದ ಕಂಪನಿಯ ಗಾಡಿಗಳನ್ನು ಒಂದೇ ಸಲ ರಾಶಿಯಾಗಿ ತರುವುದಕ್ಕೆ ನಾನು ಒಪ್ಪುವುದಿಲ್ಲ. ಆದರೆ ಗಾಡಿಯ ಹಿಂದೆ ನಡೆಯುವವರ ಮಾತು ಓದಿದ ಮೇಲೆ, ಇನ್ನೂ ಕಾಯೋಣ ಅಂತ ಹೇಳಲು ಬಾಯಿ ಬರುತ್ತಿಲ್ಲ. ಮೊದಲ ಕಂತು ಸಣ್ಣದಿರಲಿ, ಆದರೆ ಕಸದ ಗಾಡಿಗೇ ಇರಲಿ.

ಯಾರ್ಡ್ ಉಸ್ತುವಾರಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸಮಿತಿಗೆ ಹೋಗುವ ಟಿಪ್ಪಣಿ ಬರೆಯುತ್ತಿದ್ದೇನೆ. ಮೊದಲ ಪುಟದಲ್ಲಿ ಡೀಸೆಲ್ ಹೊಗೆ ಮತ್ತು ಪೌರಕಾರ್ಮಿಕರು. ಆಮೇಲೆ ಲಾಗ್ ಬುಕ್ ಲೆಕ್ಕ. ಯಾರ್ಡಿನ ಲೋಡ್ ಬಗ್ಗೆ ವಿದ್ಯುತ್ ಕಂಪನಿಗೆ ಇವತ್ತೇ ಪತ್ರ ಹೋಗಿದೆ, ಅದಕ್ಕೆ ಯಾರ ಒಪ್ಪಿಗೆಯೂ ಬೇಕಿರಲಿಲ್ಲ. ಮೊದಲ ಕಂತಿನಲ್ಲಿ ಸಣ್ಣ ಕಸದ ಗಾಡಿಗಳು, ಜೊತೆಗೆ ಒಂದು ಹಂಚಿಕೆಯ ಕಾರು. ಅಧಿಕಾರಿಗಳ ಹೆಸರಿಗೆ ಕಾರು ಇಲ್ಲ ಅಂತ ನೇರವಾಗಿಯೇ ಬರೆದಿದ್ದೇನೆ. ಸಭೆಯಲ್ಲಿ ಏನಾಯಿತು ಅಂತ ಇಲ್ಲೇ ಹಾಕುತ್ತೇನೆ.

"ಬೆಳಗಿನ ಪಾಳಿ" ಅವರೇ, ಗಾಡಿ ಆಯ್ಕೆ ಮಾಡುವ ದಿನ ನಿಮ್ಮ ಸಂಘದಿಂದ ಇಬ್ಬರು ಬರಬೇಕು. ಬಕೆಟ್ ಸುರಿಯುವ ಎತ್ತರ ಸರಿ ಇದೆಯಾ ಅಂತ ನೀವೇ ನೋಡಿ ಹೇಳಿ.

ಬೆಳಗಿನ ಪಾಳಿ

ಬರುತ್ತೇವೆ. ಮಧ್ಯಾಹ್ನದ ಮೇಲೆ ಇಟ್ಟುಕೊಳ್ಳಿ, ಬೆಳಿಗ್ಗೆ ಕೆಲಸ ಇರುತ್ತದೆ.

ಸ್ಟೇರಿಂಗ್ ಹಿಡಿದವ

ಚಾರ್ಜರ್ ಕಂಬ ನೆಡುವ ಮೊದಲು ಗಾಡಿಯ ಚಾರ್ಜಿಂಗ್ ಬಾಯಿ ಯಾವ ಕಡೆ ಇದೆ ನೋಡಿ. ಕೆಲವದರಲ್ಲಿ ಮೂತಿಯಲ್ಲಿ, ಕೆಲವದರಲ್ಲಿ ಹಿಂಬದಿ ಎಡಕ್ಕೆ. ಗಾಡಿಯನ್ನು ಮುಂದಾಗಿ ನಿಲ್ಲಿಸುತ್ತೀರೋ ಹಿಂದಾಗಿ ನಿಲ್ಲಿಸುತ್ತೀರೋ ಅನ್ನುವುದೂ ಮುಖ್ಯ. ಕೇಬಲ್ ಅರ್ಧ ಮೀಟರ್ ಸಾಲದೆ ಹೋದರೆ ದಿನಾ ರಾತ್ರಿ ಗಾಡಿ ಹಿಂದೆ ಮುಂದೆ ಮಾಡಬೇಕು, ಕೇಬಲ್ ನೆಲದ ಮೇಲೆ ಬಿದ್ದು ಚಕ್ರ ಹತ್ತುತ್ತದೆ.

ಲೋಡ್ ಎಷ್ಟು

ಹೌದು, ಇದು ನನಗೂ ಎಷ್ಟೋ ಕಡೆ ಕಂಡಿದೆ. ಯಾರ್ಡಿನ ನಕ್ಷೆ, ನಿಲ್ಲಿಸುವ ಸಾಲುಗಳ ಅಳತೆ ಹಾಕಿ. ಮಳೆ ನೀರು ಎಲ್ಲಿ ನಿಲ್ಲುತ್ತದೆ ಅನ್ನುವುದನ್ನೂ ಗುರುತು ಮಾಡಿ ಕಳಿಸಿ. ಕಂಬಗಳು ಎಲ್ಲೆಲ್ಲಿ ಬರಬೇಕು ಅಂತ ನಾನು ಗುರುತಿಸಿ ಕೊಡುತ್ತೇನೆ.